ವಕ್ಕಲೇರಿ ತಾಮ್ರಪಟ ಮತ್ತು ಪೆಣ್ಬುಯ್ಯಲ್: ಯುದ್ಧಕಾಲದ ಸ್ತ್ರೀರಕ್ಷಣೆ

ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ತಾಮ್ರಪಟವು (ಕ್ರಿ.ಶ. 757) ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿ ವಿಜಯವನ್ನು ವರ್ಣಿಸುತ್ತದೆ. ಪಲ್ಲವ ನಂದಿಪೋತವರ್ಮನನ್ನು ಓಡಿಸಿ, ಆನೆ, ವಾದ್ಯ, ಧ್ವಜ, ಮಾಣಿಕ್ಯಗಳನ್ನು ವಶಪಡಿಸಿಕೊಂಡ ಅರಸನು ನಗರವನ್ನು ನಾಶಮಾಡದೆ ಪ್ರವೇಶಿಸಿ, ದೀನರನ್ನೂ ಅನಾಥರನ್ನೂ ದಾನದಿಂದ ಸಂತೋಷಪಡಿಸಿದನೆಂದು ಅದು ಹೇಳುತ್ತದೆ. ಸೋತವರ ಊರನ್ನು ಉಳಿಸುವುದು ಕೀರ್ತಿಗೆ ಕಾರಣವೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ಇದು ಗೆದ್ದವರ ಮಾತು. ಆ ನಗರದ ಹೆಂಗಸರ ಪಾಡು ಇದರಲ್ಲಿಲ್ಲ.

ಅಂಥ ಪಾಡಿನ ಸುಳಿವು ಕನ್ನಡ ನಾಡಿನ ವೀರಗಲ್ಲುಗಳಲ್ಲಿದೆ. ತುರುಗೊಳ್, ಊರಳಿವುಗಳ ಜೊತೆಗೆ ಶಾಸನಗಳು ‘ಪೆಣ್ಬುಯ್ಯಲ್’ ಎಂಬ ಕಾಳಗವನ್ನು ಹೆಸರಿಸುತ್ತವೆ. ‘ಪುಯ್ಯಲ್’ ಎಂದರೆ ಮೊರೆ, ಕೂಗು. ಹೆಂಗಸರನ್ನು ಸೆರೆಯೊಯ್ಯುವಾಗ, ಅವರ ಮಾನಕ್ಕೆ ಕೈಯಿಕ್ಕಿದಾಗ ಎದ್ದ ಕೂಗಿಗೆ ಓಗೊಟ್ಟು ಮಡಿದವನಿಗೆ ಕಲ್ಲು ನಿಂತಿತು. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ: ಇದು ವೀರಗಲ್ಲಿನ ಸಾಮಾನ್ಯ ಕ್ರಮ. ಮೊರೆಯಿಟ್ಟವಳಿಗೆ ಈ ಕ್ರಮದಲ್ಲಿ ನಿಶ್ಚಿತ ಸ್ಥಾನವಿಲ್ಲ. ಅವಳ ಗಾಯ ಮಾಯಿತೆ, ಬಸಿರು ಉಳಿಯಿತೆ, ಊರು ಬಿಟ್ಟವಳಿಗೆ ನೆಲೆ ದೊರೆಯಿತೆ ಎಂಬುದನ್ನು ಕಲ್ಲು ಹೇಳದು.

1949ರ ನಾಲ್ಕನೆಯ ಜಿನೀವಾ ಒಪ್ಪಂದವು ಸ್ತ್ರೀಯರನ್ನು ಅತ್ಯಾಚಾರದಿಂದ ಕಾಪಾಡುವುದನ್ನೂ ಗರ್ಭಿಣಿಯರಿಗೆ ವಿಶೇಷ ರಕ್ಷಣೆ ನೀಡುವುದನ್ನೂ ಯುದ್ಧನಿರತರ ಹೊಣೆಯಾಗಿಸಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ದಲ್ಲಿ ಅಂಗೀಕರಿಸಿದ 1325ನೆಯ ನಿರ್ಣಯವು ಶಾಂತಿಯ ಮಾತುಕತೆಯಲ್ಲಿ ಅವರ ದನಿಯೂ ಇರಬೇಕೆಂದಿತು. ವೀರಗಲ್ಲು ವೀರನನ್ನು ನೆನೆದರೂ ಕಾಳಗದ ಹೆಸರಿನಲ್ಲಿ ಉಳಿದಿರುವುದು ಹೆಣ್ಣಿನ ಕೂಗೇ. ಸ್ತ್ರೀರಕ್ಷಣೆಯ ಚರಿತ್ರೆಯನ್ನು ಆ ಕೂಗಿನಿಂದ ಆರಂಭಿಸುವುದು ನಮ್ಮ ಸಂಶೋಧನೆಯ ಹೊಣೆಯಾಗಿದೆ.