ವರ್ತಕನ ಹೊಣೆ: ಮಿತಾಕ್ಷರೆಯ ಕಾಲದಿಂದ ಈಚೆಗೆ

ಅಂಗಡಿಯ ಬಾಗಿಲನ್ನು ತೆರೆದವನು ಅದರೊಡನೆ ನ್ಯಾಯಸ್ಥಾನದ ಬಾಗಿಲನ್ನೂ ತೆರೆದಿರುತ್ತಾನೆಂದರೆ ಅತಿಶಯೋಕ್ತಿಯಾಗಲಾರದು. ಹಣ ಪಡೆದು ಸರಕು ಕೊಡಲಿಲ್ಲವೆಂದು ಒಬ್ಬ ಗಿರಾಕಿಯು ದೂರುವನು. ಕೊಟ್ಟ ಸರಕು ಹುಳುಕೆಂದು ಮತ್ತೊಬ್ಬನು ದೂರುವನು. ಲೆಕ್ಕವನ್ನು ಮರೆಮಾಡಿದನೆಂದು ಪಾಲುಗಾರನೂ, ಒಪ್ಪಿಸಿದ ಮೂಟೆಯನ್ನು ಕಳೆದನೆಂದು ಸರಕಿನ ಒಡೆಯನೂ, ಸಾಲ ತೀರಿಸಲಿಲ್ಲವೆಂದು ಧನಿಕನೂ ದಾವೆ ಹೂಡುವರು. ಇಂತಹ ವ್ಯಾಜ್ಯಗಳೆಲ್ಲ ಇಂಗ್ಲಿಷರ ಕಾಯಿದೆಗಳೊಡನೆ ಹಡಗನ್ನೇರಿ ಬಂದುವೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಅದು ಅರ್ಧ ಸತ್ಯ ಮಾತ್ರ. ವ್ಯಾಜ್ಯದ ಕಾರಣಗಳು ಬಹು ಹಳೆಯವು. ಬದಲಾದುದು ಮುಖ್ಯವಾಗಿ ಒಂದು: ಅಂಗಡಿಯ ಹೊಣೆಯು ಮನೆಯೊಳಕ್ಕೆ ಎಷ್ಟು ದೂರ ಬರಬಹುದೆಂಬ ಮೇರೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಿಂದ ೧೧೨೬ರವರೆಗೆ ಆಳಿದನು. ಈಗ ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿಕೊಂಡಿರುವ ಊರೇ ಆತನ ರಾಜಧಾನಿ. ಆತನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ ಪಂಡಿತನು ೧೮೧೦ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ತರುವಾಯ, ಮಿತಾಕ್ಷರೆಯೆಂದರೆ ಆಸ್ತಿಯ ಪಾಲುಪಟ್ಟಿಯ ಗ್ರಂಥವೆಂಬ ಪ್ರಸಿದ್ಧಿಯುಂಟಾಯಿತು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ವರ್ತಕರಿಗೆ ಸಂಬಂಧಿಸಿದ ಪ್ರಕರಣಗಳೂ ಅಷ್ಟೇ ವಿಶದವಾಗಿವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ನಾಡುನಾಡುಗಳಲ್ಲಿ ವ್ಯಾಪಾರ ನಡೆಸುತ್ತಿದ್ದ ಕಾಲವದು. ಆದುದರಿಂದ ಈ ಪ್ರಕರಣಗಳು ಕೇವಲ ಪಾಠಶಾಲೆಯ ಚರ್ಚೆಗಳೆಂದು ತಿಳಿಯಲಾಗದು.

ಮೊದಲನೆಯದು ಕ್ರಯವಿಕ್ರಯದ ವ್ಯಾಜ್ಯ. ಬೆಲೆಯನ್ನು ಪಡೆದು ಸರಕನ್ನು ಒಪ್ಪಿಸದವನು ಅದನ್ನು ವೃದ್ಧಿಯೊಡನೆ ಕೊಡತಕ್ಕದ್ದು. ಕೊಂಡವನು ದೂರದೇಶದಿಂದ ಬಂದವನಾದರೆ, ಆ ದೇಶದಲ್ಲಿ ಅವನಿಗೆ ದೊರೆಯಬಹುದಾಗಿದ್ದ ಲಾಭವನ್ನೂ ಕಟ್ಟಿಕೊಡತಕ್ಕದ್ದು. ಕೇಳಿದರೂ ಒಪ್ಪಿಸದೆ ಇಟ್ಟುಕೊಂಡ ಸರಕು ರಾಜನಿಂದಾಗಲಿ ದೈವದಿಂದಾಗಲಿ ಕೆಟ್ಟರೆ ನಷ್ಟವು ಮಾರಿದವನದು. ಒಪ್ಪಿಸಬಂದರೂ ಕೊಂಡವನು ತೆಗೆದುಕೊಳ್ಳದಿದ್ದರೆ ನಷ್ಟವು ಅವನದೇ. ಸಂಚಕಾರ ಕೊಟ್ಟವನು ಮಾತಿಗೆ ತಪ್ಪಿದರೆ ಸಂಚಕಾರವನ್ನು ಕಳೆದುಕೊಳ್ಳುವನು. ಪಡೆದವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸಬೇಕು. ಕೊಂಡ ವಸ್ತುವನ್ನು ಪರೀಕ್ಷಿಸುವುದಕ್ಕೆ ಅವಧಿಯನ್ನೂ ವಿಧಿಸಿದೆ: ಬಿತ್ತನೆಯ ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧ ದಿನ, ಹೇರೆತ್ತು ಮೊದಲಾದ ಭಾರವಾಹಕ ಪಶುಗಳಿಗೆ ೫ ದಿನ, ರತ್ನಗಳಿಗೆ ೭ ದಿನ, ಕರೆಯುವ ಪಶುವಿಗೆ ೩ ದಿನ. ಬೀಜವು ಮೊಳೆಯದೆ ಅದರ ಗುಣ ತಿಳಿಯದು, ಕಬ್ಬಿಣವನ್ನು ಕಾಯಿಸಿ ಬಡಿದೊಡನೆ ತಿಳಿಯುವುದು ಎಂಬ ಲೋಕಾನುಭವವು ಈ ಅಂಕಿಗಳಲ್ಲಿ ಅಡಗಿರುವುದನ್ನು ವಾಚಕರು ಗಮನಿಸಬಹುದು.

ಮೋಸಕ್ಕೆ ದಂಡವು ಬೇರೆ. ದೋಷವುಳ್ಳುದನ್ನು ನಿರ್ದುಷ್ಟವೆಂದು ಮಾರಿದವನಿಗೂ, ಒಬ್ಬನಿಗೆ ಮಾರಿದ್ದನ್ನು ಮತ್ತೊಬ್ಬನಿಗೆ ಮಾರಿದವನಿಗೂ ಬೆಲೆಯ ಇಮ್ಮಡಿ ದಂಡ. ಅಳತೆಯಲ್ಲಾಗಲಿ ತೂಕದಲ್ಲಾಗಲಿ ಎಂಟನೆಯ ಒಂದು ಪಾಲನ್ನು ಕದ್ದವನಿಗೆ ೨೦೦ ಪಣ. ಔಷಧ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲ ಮೊದಲಾದುವುಗಳಲ್ಲಿ ಕೀಳು ವಸ್ತುವನ್ನು ಬೆರೆಸಿದವನಿಗೆ ೧೬ ಪಣ. ವರ್ತಕರು ಒಟ್ಟುಗೂಡಿ ಕುಶಲಕರ್ಮಿಗಳಿಗೆ ಬಾಧೆಯಾಗುವಂತೆ ಧಾರಣೆಯನ್ನು ಕಟ್ಟಿದರೆ ಅತ್ಯುಚ್ಚ ದರ್ಜೆಯ ದಂಡ. ಬಲಿಷ್ಠವಾದ ವರ್ತಕಸಂಘಗಳಿದ್ದ ನಾಡಿನಲ್ಲಿ ಈ ಕಡೆಯ ನಿಯಮವು ಎಷ್ಟು ಅವಶ್ಯವಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಸರಕನ್ನು ಸಾಗಿಸುವವನ ಹೊಣೆಯು ಇನ್ನೊಂದು. ರಾಜನಿಂದ ಅಥವಾ ದೈವದಿಂದ ನಷ್ಟವಾದುದಲ್ಲವಾದರೆ, ಕಳೆದ ಸರಕಿನ ಬೆಲೆಯನ್ನು ಹೊತ್ತವನೇ ತೆರಬೇಕು. ನಂಬಿಕೆಯಿಂದ ಇಡಲ್ಪಟ್ಟ ನಿಕ್ಷೇಪವು ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ಹೋದರೆ ಇಟ್ಟುಕೊಂಡವನಿಗೆ ಹೊಣೆಯಿಲ್ಲ. ಕೇಳಿದಾಗ ಕೊಡದೆ ಇದ್ದು ಬಳಿಕ ಕಳೆದುಹೋದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಪಾಲುವ್ಯಾಪಾರದಲ್ಲಿ ಲಾಭನಷ್ಟಗಳು ಹಾಕಿದ ಬಂಡವಾಳಕ್ಕೆ ಅನುಸಾರವಾಗಿ ಅಥವಾ ಮಾಡಿಕೊಂಡ ಒಪ್ಪಂದದಂತೆ. ಉಳಿದವರು ಬೇಡವೆಂದುದನ್ನು ಮಾಡಿ ಅಥವಾ ಅಜಾಗರೂಕತೆಯಿಂದ ಕೆಡಿಸಿದವನು ತಾನೊಬ್ಬನೇ ಅದನ್ನು ತುಂಬಬೇಕು. ವಿಪತ್ತಿನಿಂದ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು. ಕುಟಿಲನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕಬಹುದು. ಈ ಎಲ್ಲ ನಿಯಮಗಳ ಮೂಲದಲ್ಲಿರುವ ಪ್ರಶ್ನೆಯು ಒಂದೇ: ನಷ್ಟವು ಯಾರ ತಪ್ಪಿನಿಂದಾಯಿತು?

ಋಣದ ವಿಷಯಕ್ಕೆ ಬಂದರೆ ಈ ಪ್ರಶ್ನೆ ಹಿಂದಾಗುತ್ತದೆ. ಕಾಡುಮಾರ್ಗದಲ್ಲಿ ಹೋಗುವ ವರ್ತಕನು ತಿಂಗಳಿಗೆ ನೂರಕ್ಕೆ ೧೦ರಂತೆಯೂ, ಕಡಲಮಾರ್ಗದಲ್ಲಿ ಹೋಗುವವನು ೨೦ರಂತೆಯೂ ಬಡ್ಡಿ ಕೊಡಬೇಕು. ಅಸಲೇ ಮುಳುಗಬಹುದೆಂಬ ಭಯವು ಧನಿಕನಿಗಿರುವುದರಿಂದ ಇಷ್ಟು ಬಡ್ಡಿ. ಚಿನ್ನದ ಸಾಲವು ಇಮ್ಮಡಿಯನ್ನು ಮುಟ್ಟಿದಲ್ಲಿ ನಿಲ್ಲತಕ್ಕದ್ದು. ಆದರೆ ಆ ವರ್ತಕನು ದೇಶಾಂತರದಲ್ಲಿ ಮರೆಯಾದರೆ, ಸತ್ತರೆ, ವ್ಯಸನದಲ್ಲಿ ಮುಳುಗಿದರೆ, ಋಣವನ್ನು ಮಕ್ಕಳೂ ಮೊಮ್ಮಕ್ಕಳೂ ತೀರಿಸಬೇಕು. ಪಿತೃಋಣವನ್ನು ತೀರಿಸುವುದು ಧರ್ಮವೆಂಬ ಭಾವನೆಯು ಇಲ್ಲಿ ವ್ಯವಹಾರದೊಡನೆ ಬೆರೆತಿದೆ. ಹಡಗು ಮುಳುಗಿದುದು ಕಡಲಲ್ಲಿ. ಅದರ ಭಾರ ಬಿದ್ದುದು ಊರಿನಲ್ಲಿ ಓಲೆ ತಿದ್ದುತ್ತಿದ್ದ ಬಾಲಕನ ಮೇಲೆ.

ಆದರೂ ಸ್ಮೃತಿಯು ಈ ಭಾರಕ್ಕೆ ಮೇರೆಯನ್ನು ಹಾಕದೆ ಬಿಟ್ಟಿಲ್ಲ. ತಂದೆಯು ಕುಡಿತ, ಕಾಮ, ಜೂಜುಗಳಿಗಾಗಿ ಮಾಡಿದ ಸಾಲವನ್ನೂ, ಅವನು ತೆರದೆ ಉಳಿಸಿದ ದಂಡವನ್ನೂ ಸುಂಕವನ್ನೂ, ವೃಥಾದಾನವನ್ನೂ ಮಗನು ಕೊಡಬೇಕಾಗಿಲ್ಲ. ಒಬ್ಬನನ್ನು ಹಾಜರುಪಡಿಸುವೆನೆಂದು ಅಥವಾ ಅವನು ನಂಬಲರ್ಹನೆಂದು ತಂದೆಯು ನಿಂತ ಜಾಮೀನು ತಂದೆಯೊಡನೆ ಮುಗಿಯುವುದು. ಹಣ ಕೊಡುವೆನೆಂದು ನಿಂತ ಜಾಮೀನು ಮಾತ್ರ ಮಗನ ಮೇಲೆ ಬರುವುದು. ಮಗನು ನಿರಪರಾಧಿಯೆಂಬ ಅರಿವು ಹೀಗೆ ಸ್ವಲ್ಪಮಟ್ಟಿಗಾದರೂ ಮೂಡಿತ್ತು.

ಈ ವಿಧಿಗಳನ್ನು ಹೊಗಳುವಾಗ ಅವುಗಳ ಕಳಂಕವನ್ನು ಮುಚ್ಚಿಡುವುದು ನ್ಯಾಯವಲ್ಲ. ಬೀಜಕ್ಕೂ ಕಬ್ಬಿಣಕ್ಕೂ ಪರೀಕ್ಷೆಯ ಅವಧಿಯನ್ನು ಹೇಳಿದ ಅದೇ ವಚನವು ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದು ಹೇಳುತ್ತದೆ. ಮನುಷ್ಯನೂ ಸರಕಿನ ಸಾಲಿನಲ್ಲಿ ನಿಂತಿದ್ದನು. ಅಡವಿಲ್ಲದ ಸಾಲದ ಬಡ್ಡಿಯು ಸಾಲಗಾರನ ವರ್ಣಕ್ಕೆ ತಕ್ಕಂತೆ ೨, ೩, ೪, ೫ ಎಂದು ಏರುತ್ತಿತ್ತು. ಅತಿ ಹೆಚ್ಚಿನ ಬಡ್ಡಿ ಶೂದ್ರನಿಗೆ. ಇವು ತೊಲಗಿದುದು ಧರ್ಮಕ್ಕೆ ಹಾನಿಯಲ್ಲ.

ಇಂಗ್ಲಿಷರು ಬಂದೊಡನೆ ಈ ವ್ಯವಸ್ಥೆಯೆಲ್ಲ ಅಳಿಯಲಿಲ್ಲ. ೧೭೮೧ರ ಶಾಸನದ ಪ್ರಕಾರ ಕಲ್ಕತ್ತೆಯಲ್ಲಿ ಹಿಂದೂಗಳ ಕರಾರುಗಳು ಹಿಂದೂ ಧರ್ಮಶಾಸ್ತ್ರದಂತೆಯೇ ತೀರ್ಮಾನವಾಗಬೇಕಾಗಿದ್ದಿತು. ಎಲ್ಲರಿಗೂ ಒಂದೇ ಕರಾರಿನ ಕಾಯಿದೆಯು ಬಂದುದು ೧೮೭೨ರಲ್ಲಿ. ಅದರೊಳಗಿದ್ದ ವಿಕ್ರಯದ ಭಾಗವು ೧೯೩೦ರಲ್ಲಿಯೂ ಪಾಲುಗಾರಿಕೆಯ ಭಾಗವು ೧೯೩೨ರಲ್ಲಿಯೂ ಪ್ರತ್ಯೇಕ ಕಾಯಿದೆಗಳಾದುವು. ಒಪ್ಪಿಸುವುದು ಯಾರ ತಪ್ಪಿನಿಂದ ತಡವಾಯಿತೋ, ಆ ತಪ್ಪಿಲ್ಲದಿದ್ದರೆ ಆಗದಿರಬಹುದಾಗಿದ್ದ ನಷ್ಟವು ಅವನದೇ ಎಂದು ೧೯೩೦ರ ಕಾಯಿದೆಯು ವಿಧಿಸುವುದನ್ನು ಓದಿದವನಿಗೆ ಯಾಜ್ಞವಲ್ಕ್ಯನ ನೆನಪು ಬಾರದಿರದು. ಪಾಲುಗಾರಿಕೆಯ ಕಾಯಿದೆಯಾದರೋ ಹೊರಗಿನವರ ವಿಷಯದಲ್ಲಿ ಹೆಚ್ಚು ಕಠಿಣವಾಗಿದೆ: ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುಗಾರನೂ ಪೂರ್ತಿ ಹೊಣೆಗಾರನು.

ಮನೆಯ ಮೇರೆಯು ಬದಲಾದುದು ಮೆಲ್ಲಮೆಲ್ಲನೆ. ಮುಂಬಯಿ ಪ್ರಾಂತದಲ್ಲಿ, ಎಂದರೆ ಧಾರವಾಡ, ಬೆಳಗಾವಿ, ವಿಜಾಪುರಗಳ ಸೀಮೆಯಲ್ಲಿಯೂ, ತಂದೆಯಿಂದ ಏನೂ ಬಾರದ ಮಗನೂ ಅವನ ಸಾಲಕ್ಕೆ ಸಿಕ್ಕಿಬೀಳುತ್ತಿದ್ದನು. ೧೮೬೬ರ ಕಾಯಿದೆಯು ಅವನನ್ನು ಬಿಡಿಸಿತು. ಕೈಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆಯೆಂದಿತು. ಅದಕ್ಕೆ ಮೊದಲು ೧೮೫೭ರಲ್ಲಿಯೇ ಕಂಪೆನಿಗಳ ಪಾಲುದಾರರಿಗೆ ಮಿತವಾದ ಹೊಣೆಯು ದೊರೆತಿದ್ದಿತು. ಹಾಕಿದ ಹಣವು ಹೋಗಬಹುದು, ಮನೆಯ ತೊಲೆಕಂಬಗಳು ಹೋಗವು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಆ ಬಳಿಕ ಮಾಡಿದ ಸಾಲಗಳಿಗೆ ಪಿತೃಋಣವೆಂಬ ಧರ್ಮದ ಒಂದೇ ಆಧಾರದ ಮೇಲೆ ಮಗ, ಮೊಮ್ಮಗ, ಮರಿಮಗರನ್ನು ನ್ಯಾಯಸ್ಥಾನಕ್ಕೆ ಎಳೆಯುವ ಹಕ್ಕನ್ನು ತೆಗೆದುಹಾಕಿತು. ೨೦೦೮ರ ಕಾಯಿದೆಯಿಂದ ಪಾಲುವ್ಯಾಪಾರವನ್ನೂ ಮಿತವಾದ ಹೊಣೆಯಲ್ಲಿ ನಡೆಸುವ ಮಾರ್ಗವುಂಟಾಯಿತು.

ಮನೆಯ ಕಡೆ ಹೊಣೆಯು ಕುಗ್ಗಿದಂತೆ ಗಿರಾಕಿಯ ಕಡೆ ಅದು ಹಿಗ್ಗಿತು. ೧೯೮೬ರ ಗ್ರಾಹಕ ಸಂರಕ್ಷಣೆಯ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ ೨೦೧೯ರ ಕಾಯಿದೆಯೂ ಕೊಂಡವನಿಗೆ ಸುಲಭವಾದ ನ್ಯಾಯಪೀಠವನ್ನು ಒದಗಿಸಿದುವು. ದೋಷವುಳ್ಳ ವಸ್ತುವಿನಿಂದ ಮೈಗೆ ಹಾನಿಯಾದರೆ ಅದನ್ನು ತಯಾರಿಸಿದವನನ್ನೇ ಕೇಳಬಹುದೆಂದು ಎರಡನೆಯದು ಸ್ಪಷ್ಟಪಡಿಸಿತು.

ಇಷ್ಟಾದರೂ ಸಣ್ಣ ವರ್ತಕನ ಸ್ಥಿತಿಯು ಬಹಳ ದೂರ ಸಾಗಿಲ್ಲ. ತನ್ನೊಬ್ಬನ ಹೆಸರಿನಲ್ಲಿ ಅಂಗಡಿ ಇಟ್ಟವನಿಗೂ ಸಾಮಾನ್ಯ ಪಾಲುಗಾರನಿಗೂ ಮಿತವಾದ ಹೊಣೆಯ ಆಶ್ರಯವಿಲ್ಲ. ಸಾಲಪತ್ರಕ್ಕೆ ಮನೆಯನ್ನು ಅಡವಿಟ್ಟವನೂ, ಜಾಮೀನಿಗೆ ಸಹಿ ಹಾಕಿದ ಮಗನೂ ಕಾಯಿದೆಯು ಮುಚ್ಚಿದ ಬಾಗಿಲನ್ನು ತಮ್ಮ ಕೈಯಿಂದಲೇ ತೆರೆಯುತ್ತಾರೆ. ಹಿಂದೆ ಜನ್ಮದಿಂದ ಬರುತ್ತಿದ್ದ ಹೊಣೆಯು ಈಗ ಸಹಿಯಿಂದ ಬರುತ್ತದೆ. ಯಾವ ಬಗೆಯ ಜಾಮೀನು ಎಲ್ಲಿಯವರೆಗೆ ಮುಟ್ಟುವುದೆಂದು ಕಲ್ಯಾಣದ ಪಂಡಿತನು ಬಿಡಿಸಿ ಬರೆದುದನ್ನು, ಸಹಿ ಹಾಕುವ ಮೊದಲು ಮನೆಯವರೆಲ್ಲರೂ ಕುಳಿತು ಆಲೋಚಿಸುವುದು ಇಂದಿಗೂ ಹಿತವೇ.