ದುಬೈ ಫೋನ್ ಬಂತು ಅಂದ್ರೆ: ಕಡಲಾಚೆಯ ಕರೆಗೆ ದುಡ್ಡು ಕೊಟ್ಟವರು ಯಾರು?

ಇವತ್ತಿನ ಸಂಚಿಕೆಯ ವಿಷಯ ನಿಮ್ಮ ಕೈಯಲ್ಲೇ ಇದೆ: ಫೋನ್. ಅದರಲ್ಲೂ ಬೇರೆ ದೇಶಕ್ಕೆ ಮಾಡೋ ಫೋನ್.

ಈಗ ಟೊರಾಂಟೋದಲ್ಲಿರೋ ಗೆಳತಿಗೆ ವಿಡಿಯೋ ಕಾಲ್ ಮಾಡಿ, ಮಾತಾಡದೇ ಇಬ್ಬರೂ ಸುಮ್ನೆ ಅಡುಗೆ ಮಾಡ್ತಾ ಇರಬಹುದು. ಡೇಟಾ ಪ್ಯಾಕ್ ಬಿಟ್ರೆ ಬೇರೆ ಖರ್ಚಿಲ್ಲ. ಆದ್ರೆ ಇದೇ ಕರೆಗೆ ನಿಮಿಷದ ಲೆಕ್ಕದಲ್ಲಿ, ಆಮೇಲೆ ಸೆಕೆಂಡಿನ ಲೆಕ್ಕದಲ್ಲಿ ದುಡ್ಡು ಕಟ್ತಿದ್ದ ಕಾಲ ಇತ್ತು. ಆ ದುಡ್ಡು ಯಾರ ಜೇಬಿಂದ ಹೋಗ್ತಿತ್ತು, ಎಲ್ಲಿಗೆ ಹೋಗ್ತಿತ್ತು? ಇವತ್ತು ಅದನ್ನ ಹುಡುಕೋಣ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1927ರ ಜನವರಿಯಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸಾರ್ವಜನಿಕ ಟೆಲಿಫೋನ್ ಸೇವೆ ಶುರುವಾಯ್ತು. ತಂತಿ ಇರಲಿಲ್ಲ, ಮಾತು ರೇಡಿಯೋ ಅಲೆಯ ಮೇಲೆ ಹೋಗ್ತಿತ್ತು. ಮೂರು ನಿಮಿಷಕ್ಕೆ 75 ಡಾಲರ್! ಅಂದ್ರೆ ಅದು ಬ್ಯಾಂಕಿನವರು, ದೊಡ್ಡ ವ್ಯಾಪಾರಿಗಳು, ಸರ್ಕಾರದವರು ಮಾಡೋ ಫೋನ್. 1933ರಲ್ಲಿ ಭಾರತ ಮತ್ತು ಬ್ರಿಟನ್ ನಡುವೆಯೂ ರೇಡಿಯೋ ಟೆಲಿಫೋನ್ ಬಂತು. ವಾತಾವರಣ ಕೈಕೊಟ್ರೆ ಮಾತೂ ಕೈಕೊಡ್ತಿತ್ತು. ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಮೊದಲ ಟೆಲಿಫೋನ್ ಕೇಬಲ್ ಕೆಲಸ ಶುರು ಮಾಡಿದ್ದು 1956ರಲ್ಲಿ. ಅದರಲ್ಲಿದ್ದದ್ದು 36 ಚಾನೆಲ್. ಎರಡು ಖಂಡಗಳ ನಡುವೆ ಒಂದೇ ಸಲಕ್ಕೆ ಮಾತಾಡೋಕೆ ಆಗ್ತಿದ್ದದ್ದು ಸುಮಾರು ಅಷ್ಟೇ ಜೋಡಿ ಜನಕ್ಕೆ. ನಿಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಅದಕ್ಕಿಂತ ಜಾಸ್ತಿ ಜನ ಇರ್ತಾರೆ.

ಸ್ವತಂತ್ರ ಭಾರತದಲ್ಲಿ ಟೆಲಿಫೋನ್ ಉಪಕರಣ ತಯಾರಿಸೋಕೆ ಅಂತ ಸರ್ಕಾರ 1948ರಲ್ಲಿ ಬೆಂಗಳೂರಲ್ಲೇ ಕಾರ್ಖಾನೆ ಶುರು ಮಾಡ್ತು. ಅದೇ ಐಟಿಐ. ಅದರ ಸುತ್ತ ಬೆಳೆದ ಬಡಾವಣೆಗೆ ಇವತ್ತಿಗೂ ದೂರವಾಣಿನಗರ ಅಂತಲೇ ಹೆಸರು. ಹೀಗೆ ಫೋನ್ ತಯಾರಾಗ್ತಿತ್ತು, ಆದ್ರೆ ಮನೆಗೆ ಫೋನ್ ಸಿಗಬೇಕು ಅಂದ್ರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. 1991ರ ಹೊತ್ತಿಗೂ 84 ಕೋಟಿ ಜನರ ದೇಶದಲ್ಲಿ ಇದ್ದ ಫೋನ್ ಲೈನ್ ಸುಮಾರು 50 ಲಕ್ಷ.

ದೂರದೂರಿಗೆ ಮಾತಾಡೋದು ಅಂದ್ರೆ ಟ್ರಂಕ್ ಕಾಲ್. ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಿ, ಆಪರೇಟರ್ ಲೈನ್ ಸೇರಿಸೋವರೆಗೂ ಫೋನ್ ಪಕ್ಕ ಕೂತಿರಬೇಕು. ಅದರಲ್ಲೂ ದರ್ಜೆಗಳು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ದುಡ್ಡು ಜಾಸ್ತಿ ಕೊಟ್ಟವರಿಗೆ ಲೈನ್ ಬೇಗ. ಮೂರು ನಿಮಿಷ ಆಗ್ತಿದ್ದ ಹಾಗೆ ಆಪರೇಟರ್ ನಡುವೆ ಬಾಯಿ ಹಾಕಿ "ತ್ರೀ ಮಿನಿಟ್ಸ್" ಅಂತಿದ್ರು. ನಿಮ್ಮ ಜಗಳ, ನಿಮ್ಮ ಪ್ರೀತಿ ಎಲ್ಲದರ ಮಧ್ಯೆ ಮೂರನೆಯವರೊಬ್ಬರು ಗಡಿಯಾರ ಹಿಡ್ಕೊಂಡು ಕೂತಿರ್ತಿದ್ರು.

1976ರಲ್ಲಿ ಮುಂಬೈಯಿಂದ ಲಂಡನ್‌ಗೆ ಆಪರೇಟರ್ ಇಲ್ಲದೇ ನೇರ ಡಯಲ್ ಮಾಡೋ ಸೌಲಭ್ಯ ಬಂತು. ಅದೇ ಐಎಸ್‌ಡಿ. ಇದಕ್ಕೆ ಬೇಕಾಗಿದ್ದ ದೇಶದ ಕೋಡ್‌ಗಳನ್ನ 1960ರ ದಶಕದಲ್ಲೇ ಹಂಚಿದ್ರು. ಪ್ರಪಂಚವನ್ನ ವಲಯಗಳಾಗಿ ಮಾಡಿ, ಒಂದೊಂದು ವಲಯಕ್ಕೆ ಒಂದೊಂದು ಅಂಕಿ. 9 ಅನ್ನೋದು ದಕ್ಷಿಣ ಏಷ್ಯಾ ಮತ್ತು ಪಶ್ಚಿಮ ಏಷ್ಯಾದ ಅಂಕಿ. ಭಾರತ 91, ಪಾಕಿಸ್ತಾನ 92, ಶ್ರೀಲಂಕಾ 94. ಕುವೈತ್ 965, ಸೌದಿ 966, ಒಮಾನ್ 968, ಯುಎಇ 971. ಅಂದ್ರೆ ನಮ್ಮ ಕರಾವಳಿ ಮತ್ತು ಗಲ್ಫ್ ಟೆಲಿಫೋನ್ ಲೆಕ್ಕದಲ್ಲಿ ಒಂದೇ ಕೇರಿಯವು!

ಈಗ ಆ ಕೇರಿಗೇ ಬರೋಣ. 1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯ್ತು. ಗಲ್ಫ್ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡ ಏಳೋಕೆ ಶುರುವಾದವು. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು ಕಡೆಯಿಂದ ಜನ ಹೊರಟ್ರು. ನಾನು ಕುಂದಾಪುರ ಕಡೆಯವನು, ನನ್ನ ಚಿಕ್ಕಪ್ಪನೂ ಹಾಗೇ ಹೋದವರು.

ಮನೆಗೆ ಕಾಗದ ಬರ್ತಿತ್ತು. ಊರಿಗೆ ಹೊರಟವರ ಕೈಯಲ್ಲಿ ಕೆಲವರು ಮಾತು ರೆಕಾರ್ಡ್ ಮಾಡಿದ ಕ್ಯಾಸೆಟ್ ಕಳಿಸ್ತಿದ್ರು. ಈಗಿನ ವಾಯ್ಸ್ ನೋಟ್ ಇದ್ದ ಹಾಗೆ, ತಲುಪೋಕೆ ಮಾತ್ರ ವಾರಗಟ್ಟಲೆ. ಫೋನ್ ಬರ್ತಿದ್ದದ್ದು ಅಪರೂಪಕ್ಕೆ, ಅದೂ ನಮ್ಮ ಮನೆಗಲ್ಲ, ಎರಡು ಗದ್ದೆ ದಾಟಿ ಇದ್ದ ಅಕ್ಕಿ ಮಿಲ್ಲಿನವರ ಮನೆಗೆ. ಆಗಿನ ವಿಸಿಟಿಂಗ್ ಕಾರ್ಡುಗಳಲ್ಲಿ ನಂಬರಿನ ಪಕ್ಕ "ಪಿಪಿ" ಅಂತ ಇರ್ತಿತ್ತು. ಅದರರ್ಥ, ಫೋನ್ ನಮ್ಮದಲ್ಲ, ಪಕ್ಕದ ಮನೆಯವರದು, ಕೇಳಿದ್ರೆ ಕರೀತಾರೆ ಅಂತ. ಮಿಲ್ಲಿನ ಮನೆಯ ಹುಡುಗ ಗದ್ದೆ ಅಂಚಲ್ಲಿ ನಿಂತು "ಹ್ವಾಯ್, ದುಬೈ ಫೋನ್!" ಅಂತ ಕೂಗಿದ್ರೆ ಅಜ್ಜಿ ಮೊದಲು ಓಡೋರು, ಹಿಂದೆ ನಾವೆಲ್ಲ. ಲೈನ್ ಕಟ್ ಮಾಡಿ ಹತ್ತು ನಿಮಿಷ ಬಿಟ್ಟು ಚಿಕ್ಕಪ್ಪ ಮತ್ತೆ ಮಾಡ್ತಿದ್ರು. ಅಜ್ಜಿ ಕೇಳ್ತಿದ್ದದ್ದು ಒಂದೇ: "ಉಂಡ್ಯಾ ಮಗಾ?" ಉತ್ತರ ಬರೋದಕ್ಕೆ ಮೊದಲೇ ಮತ್ತೊಂದು ಸಲ, ಇನ್ನೂ ಜೋರಾಗಿ.

ಅಜ್ಜಿ ಹಾಗೆ ಕಿರುಚೋದಕ್ಕೆ ನಾವು ಮಕ್ಕಳು ನಗ್ತಿದ್ವಿ. ಆದ್ರೆ ಅದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಆ ಕಾಲದ ಎಷ್ಟೋ ವಿದೇಶಿ ಕರೆಗಳು ಉಪಗ್ರಹದ ಮೂಲಕ ಬರ್ತಿದ್ವು. ಭಾರತದ ಮೊದಲ ವಿದೇಶ ಸಂಪರ್ಕದ ಭೂಕೇಂದ್ರ 1970ರ ದಶಕದ ಆರಂಭದಲ್ಲಿ ಪುಣೆ ಹತ್ತಿರದ ಆರ್ವಿಯಲ್ಲಿ ಶುರುವಾಗಿತ್ತು. ಈ ಉಪಗ್ರಹ ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಮೇಲೆ ಹೋಗಿ ಕೆಳಗೆ ಬರೋಕೆ ಕಾಲು ಸೆಕೆಂಡು, ಉತ್ತರ ವಾಪಸ್ ಬರೋಕೆ ಇನ್ನೊಂದು ಕಾಲು. ಆ ಅರ್ಧ ಸೆಕೆಂಡಿನ ಖಾಲಿಯಲ್ಲಿ ಮನುಷ್ಯರಿಗೆ ಗಾಬರಿ ಆಗುತ್ತೆ. ಕೇಳಿಸಿಲ್ಲ ಅಂದ್ಕೊಂಡು ಮತ್ತೆ ಹೇಳ್ತಾರೆ. ಇಬ್ಬರ ಮಾತೂ ಡಿಕ್ಕಿ ಹೊಡೀತವೆ, ಆಮೇಲೆ ಇಬ್ಬರೂ ಸುಮ್ಮನಾಗ್ತಾರೆ. ದುಬಾರಿ ಮೂರು ನಿಮಿಷದಲ್ಲಿ ಒಂದಿಷ್ಟು ಹೊತ್ತು ಬರೀ "ಹಲೋ, ಹಲೋ"ಗೇ ಹೋಗ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಫೋನ್ ಯಾವಾಗ್ಲೂ ಅಲ್ಲಿಂದ ಬರ್ತಿತ್ತು. ಇಲ್ಲಿಂದ ಹೋಗ್ತಿರಲಿಲ್ಲ. ಅಜ್ಜಿಗೆ ಮಗನ ಜೊತೆ ಮಾತಾಡಬೇಕು ಅನ್ನಿಸಿದ ದಿನ ಮಾತಾಡೋಕಾಗ್ತಿರಲಿಲ್ಲ, ಮಗನಿಗೆ ದುಡ್ಡು ಕೂಡಿದ ದಿನ ಮಾತ್ರ ಆಗ್ತಿತ್ತು. ಹೋದವರು ಮಾತಾಡ್ತಾರೆ, ಉಳಿದವರು ಕಾಯ್ತಾರೆ. ಇದನ್ನ ನಿರ್ಧರಿಸ್ತಿದ್ದದ್ದು ಪ್ರೀತಿ ಅಲ್ಲ, ದರಪಟ್ಟಿ.

ಈ ಕಾಯುವಿಕೆ ಸ್ವಲ್ಪ ಸಡಿಲಾಗಿದ್ದು ಎಸ್‌ಟಿಡಿ ಬೂತ್ ಬಂದಾಗ. 1984ರಲ್ಲಿ ಸಿ-ಡಾಟ್ ಅನ್ನೋ ಸಂಸ್ಥೆ ಶುರುವಾಯ್ತು, ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ರು. ನಮ್ಮ ಧೂಳು, ಸೆಖೆ ತಡ್ಕೊಳ್ಳೋ, ಎಸಿ ಇಲ್ಲದೇ ನಡೆಯೋ ಹಳ್ಳಿ ಎಕ್ಸ್‌ಚೇಂಜ್ ಬೇಕಿತ್ತು. 128 ಲೈನಿನ ಅಂಥ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಶುರುವಾಗಿದ್ದು ಎಲ್ಲಿ ಗೊತ್ತಾ? ನಮ್ಮ ಕಿತ್ತೂರಲ್ಲಿ, ಚೆನ್ನಮ್ಮನ ಊರಲ್ಲಿ. ಆಮೇಲಿನ ವರ್ಷಗಳಲ್ಲಿ "ಎಸ್‌ಟಿಡಿ, ಐಎಸ್‌ಡಿ, ಪಿಸಿಒ" ಅಂತ ಬರೆದ ಹಳದಿ ಬೋರ್ಡು ಬಸ್ ಸ್ಟ್ಯಾಂಡು, ಪೇಟೆ ಮೂಲೆಗಳಲ್ಲೆಲ್ಲ ಬಂತು. ಗಾಜಿನ ಗೂಡು, ಒಳಗೊಂದು ಫ್ಯಾನು, ಕಣ್ಣೆದುರು ಕೆಂಪು ಅಂಕಿಯ ಮೀಟರು.

ಆ ಮೀಟರ್ ಓಡ್ತಿದ್ದದ್ದು ಪಲ್ಸ್ ಲೆಕ್ಕದಲ್ಲಿ. ಒಂದು ಪಲ್ಸಿಗೆ ಇಷ್ಟು ಅಂತ ದರ. ದೂರ ಜಾಸ್ತಿಯಾದಷ್ಟೂ ಪಲ್ಸ್ ಬೇಗ ಬೇಗ ಬೀಳುತ್ತೆ. ವಿದೇಶಕ್ಕಾದ್ರೆ ಒಂದೆರಡು ಸೆಕೆಂಡಿಗೊಂದು ಬೀಳ್ತಿತ್ತು. 1990ರ ದಶಕದ ಕೊನೆಯಲ್ಲೂ ಅಮೆರಿಕಕ್ಕೆ ಮಾತಾಡೋಕೆ ನಿಮಿಷಕ್ಕೆ 60 ರೂಪಾಯಿಗಿಂತ ಹೆಚ್ಚಿತ್ತು. ಜನ ಮಾತನ್ನ ಚೀಟಿಯಲ್ಲಿ ಬರ್ಕೊಂಡು ಬೂತಿಗೆ ಹೋಗ್ತಿದ್ರು.

ನಮ್ಮಜ್ಜ ತೀರ್ಕೊಂಡಾಗ ನಾನು ಆರನೇ ಕ್ಲಾಸು. ಅಪ್ಪ ನನ್ನನ್ನೂ ಕರ್ಕೊಂಡು ಕುಂದಾಪುರದ ಒಂದು ಬೂತಿಗೆ ಹೋದ್ರು. ಚಿಕ್ಕಪ್ಪ ಕೆಲಸ ಮಾಡ್ತಿದ್ದ ಜಾಗದ ನಂಬರಿಗೆ ಹಚ್ಚಿ, ಅವರನ್ನ ಕರೆಸೋವರೆಗೆ ಲೈನಲ್ಲೇ ನಿಂತ್ರು. ಚಿಕ್ಕಪ್ಪ ಬಂದ್ರು. "ಅಪ್ಪಯ್ಯ ಹೋದ್ರು" ಅಂದ್ರು ಅಪ್ಪ. ಆಮೇಲೆ ಇಬ್ಬರೂ ಏನೂ ಮಾತಾಡ್ಲಿಲ್ಲ. ನಾನು ಮೀಟರ್ ನೋಡ್ತಾ ಇದ್ದೆ, ಅಂಕಿ ಏರ್ತಾನೇ ಇತ್ತು. ಚಿಕ್ಕಪ್ಪನಿಗೆ ಬರೋಕಾಗ್ಲಿಲ್ಲ, ಪಾಸ್‌ಪೋರ್ಟ್ ಕೆಲಸಕ್ಕಿಟ್ಟವರ ಹತ್ರ ಇತ್ತು. ಅವತ್ತು ಕಟ್ಟಿದ ಬಿಲ್ಲು ಅಪ್ಪನ ಎರಡು ಮೂರು ದಿನದ ದುಡಿಮೆ. ಅದರಲ್ಲಿ ಹೆಚ್ಚಿನ ಪಾಲು ಮೌನಕ್ಕೆ ಕಟ್ಟಿದ್ದು.

ಹಾಗಾದ್ರೆ ಇಷ್ಟು ದುಡ್ಡು ಯಾಕೆ? ದೂರ ಅಂತಾನಾ? ಪೂರ್ತಿ ಅಲ್ಲ. ಕೇಬಲ್ಲು, ಉಪಗ್ರಹಕ್ಕೆ ಖರ್ಚು ಇತ್ತು ನಿಜ. ಆದ್ರೆ ಅದರ ಜೊತೆ ಇನ್ನೊಂದು ಲೆಕ್ಕ ಇತ್ತು. ಎರಡು ದೇಶಗಳ ಟೆಲಿಫೋನ್ ಸಂಸ್ಥೆಗಳು ಕೂತು ನಿಮಿಷಕ್ಕೆ ಇಷ್ಟು ಅಂತ ಒಂದು ಮೊತ್ತ ಒಪ್ಕೊಳ್ತಿದ್ವು. ಸಾಮಾನ್ಯವಾಗಿ ಅದರಲ್ಲಿ ಅರ್ಧವನ್ನ ಕರೆ ಹೊರಟ ದೇಶ ಕರೆ ತಲುಪಿದ ದೇಶಕ್ಕೆ ಕೊಡಬೇಕು. ಭಾರತದಿಂದ ಹೋಗೋ ಕರೆಗಿಂತ ಭಾರತಕ್ಕೆ ಬರೋ ಕರೆ ಜಾಸ್ತಿ. ಹಾಗಾಗಿ ಭಾರತಕ್ಕೆ ಡಾಲರ್ ಲೆಕ್ಕದಲ್ಲಿ ಆದಾಯ. 1986ರಿಂದ 2002ರವರೆಗೆ ವಿದೇಶಿ ಕರೆಯ ಬಾಗಿಲು ಇದ್ದದ್ದು ಒಂದೇ, ಸರ್ಕಾರ ಕಟ್ಟಿದ ವಿಎಸ್‌ಎನ್‌ಎಲ್.

ಇದನ್ನ ಹೀಗೆ ನೋಡಿ: ಗಲ್ಫಿನ ಕೆಲಸಗಾರ ಊರಿಗೆ ಬ್ಯಾಂಕ್ ಮೂಲಕ ದುಡ್ಡು ಕಳಿಸ್ತಿದ್ದ, ಅದು ಲೆಕ್ಕಕ್ಕೆ ಬರ್ತಿತ್ತು. ಅಮ್ಮನ ಜೊತೆ ಮಾತಾಡಿದಾಗಲೂ ಕಳಿಸ್ತಿದ್ದ, ಅದು ಅಮ್ಮನ ಕೈಗೆ ಬರ್ತಿರಲಿಲ್ಲ. ಪ್ರತಿ "ಉಂಡ್ಯಾ ಮಗಾ"ದಲ್ಲಿ ದೇಶದ ಖಜಾನೆಗೆ ಒಂದು ಸಣ್ಣ ಪಾಲಿತ್ತು. ಈ ಆದಾಯ ಪೂರ್ತಿ ವ್ಯರ್ಥ ಆಯ್ತು ಅನ್ನೋಕಾಗಲ್ಲ. ದೂರದ ಕರೆಗಳ ಲಾಭದಿಂದಲೇ ಊರೊಳಗಿನ ಕರೆಯ ದರ ಕಡಿಮೆ ಇಟ್ಟಿದ್ರು, ಹಳ್ಳಿಗಳಿಗೆ ಲೈನ್ ಎಳೆದ್ರು. ಆದ್ರೆ ಆ ಭಾರ ಹೊತ್ತವರಲ್ಲಿ ಊರು ಬಿಟ್ಟು ದುಡಿಯೋಕೆ ಹೋದವರೂ ಇದ್ರು ಅನ್ನೋದನ್ನ ಯಾರೂ ಹೇಳಲಿಲ್ಲ.

ಆಮೇಲೆ ಕೋಟೆ ಬಿರುಕು ಬಿಡ್ತು. ತಾವೇ ಜಾಸ್ತಿ ಕಟ್ತಿದ್ದೀವಿ ಅಂತ ಅಮೆರಿಕ 1997ರಲ್ಲಿ ಈ ಮೊತ್ತಗಳಿಗೆ ಮಿತಿ ಹಾಕ್ತು. 2002ರ ಏಪ್ರಿಲ್‌ನಿಂದ ಭಾರತದಲ್ಲಿ ವಿದೇಶಿ ಕರೆಯ ಏಕಸ್ವಾಮ್ಯ ಮುಗೀತು, ಇಂಟರ್ನೆಟ್ ಮೂಲಕ ಮಾತಾಡೋದಕ್ಕೂ ಅನುಮತಿ ಸಿಕ್ತು. 2003ರಲ್ಲಿ ಸ್ಕೈಪ್ ಬಂತು, 2015ರಲ್ಲಿ ವಾಟ್ಸಾಪ್ ಕಾಲ್, 2016ರಲ್ಲಿ ಅದರ ವಿಡಿಯೋ ಕಾಲ್. ಈ ನಡುವೆ ಮೊಬೈಲ್ ಕೈಗೆ ಬಂದಾಗ ನಮ್ಮ ಜನ ತಾವೇ ಒಂದು ತಂತ್ರ ಕಂಡುಹಿಡಿದ್ರು: ಮಿಸ್ಡ್ ಕಾಲ್. ಒಂದು ರಿಂಗ್ ಅಂದ್ರೆ "ಎಲ್ಲ ಆರಾಮ", ಎರಡು ರಿಂಗ್ ಅಂದ್ರೆ "ಫೋನ್ ಮಾಡು". ಮನೆಯಲ್ಲಿ ಉಳಿದವರು ದುಡ್ಡು ಕೊಡದೇ ತಾವಾಗೇ ಮೊದಲು ಮಾತು ತೆಗೆದದ್ದು ಆಗ. ನನಗೆ ಇದು ಸ್ಕೈಪ್‌ಗಿಂತ ದೊಡ್ಡ ಆವಿಷ್ಕಾರ ಅನ್ಸುತ್ತೆ.

ಎಲ್ಲ ಬಾಗಿಲೂ ತೆರೀತು ಅಂದ್ಕೋಬೇಡಿ. ಯುಎಇಯಲ್ಲಿ ವರ್ಷಗಳ ಕಾಲ ವಾಟ್ಸಾಪ್ ಕರೆಗೆ ತಡೆ ಇತ್ತು, ಪರವಾನಗಿ ಪಡೆದ ಆ್ಯಪ್‌ಗಳಲ್ಲಿ ಮಾತ್ರ ಮಾತಾಡಬೇಕಿತ್ತು. ಅದಕ್ಕೇ ಕರಾವಳಿಯ ಎಷ್ಟೋ ಅಮ್ಮಂದಿರ ಫೋನಲ್ಲಿ ಬೋಟಿಮ್ ಇರುತ್ತೆ. ತಂತ್ರಜ್ಞಾನ ಉಚಿತ ಮಾಡಿದ ಮಾತಿಗೂ ಅನುಮತಿ ಬೇಕಾಗುತ್ತೆ.

ಇನ್ನೊಂದು ತಿರುವು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದೇಶದಿಂದ ಬಂದು ಭಾರತದ ನಂಬರಿನ ವೇಷ ಹಾಕೋ ಕರೆಗಳನ್ನ ತಡೆಯೋ ವ್ಯವಸ್ಥೆ ಶುರು ಮಾಡ್ತು. ಕಾರಣ ಮೋಸದ ಕರೆಗಳು. ವಿದೇಶಿ ನಂಬರ್ ಕಂಡ್ರೆ ಈಗ ನಾವು ಎತ್ತಲ್ಲ. ಕರೆ ದುಬಾರಿ ಇದ್ದಾಗ ಅಷ್ಟು ದುಡ್ಡು ಖರ್ಚು ಮಾಡಿ ಫೋನ್ ಮಾಡಿದವರು ನಮ್ಮವರೇ ಅನ್ನೋ ನಂಬಿಕೆ ತಾನಾಗೇ ಬರ್ತಿತ್ತು. ಮೋಸ ಮಾಡೋರಿಗೂ ಈಗ ಕರೆ ಅಗ್ಗವೇ. ಅಗ್ಗವಾಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಮೌನಕ್ಕೂ ಬಿಲ್ಲು ಕಟ್ಟಿದವರ ಮನೆಯಿಂದ ಬಂದವನು ಹಾಗೆ ಹೇಳೋಕೆ ಸಾಧ್ಯವೂ ಇಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರನ್ನ ಕೇಳಿ: ಮೊದಲ ಐಎಸ್‌ಡಿ ಕರೆ ಯಾರದು, ಯಾರ ಮನೆಯ ಫೋನಿಗೆ ಬಂತು, ಎಷ್ಟು ನಿಮಿಷ, ಏನು ಮಾತಾಡಿದ್ರು? ಅವರು ಹೇಳೋದನ್ನ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಟೆಲಿಫೋನ್ ಇಲಾಖೆಯ ಬಿಲ್ಲಲ್ಲಿ ನಿಮಿಷ ಮಾತ್ರ ಬರೆದಿರುತ್ತೆ, ಮಾತು ಇರಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.