ಸಾದಾ ಮಂದಿಗೆ ಇಟ್ಟ ಹೆಸರು

ಟಿವಿಯೊಳಗ ‘ಮಾಬ್’ ಅಂತಾರ, ಸಿನಿಮಾ ಹಾಡು ನೋಡಿ ನಾವು ‘ವಲ್ಗರ್’ ಅಂತೀವಿ. ಎರಡೂ ಇಂಗ್ಲಿಷ್ ಶಬ್ದ ಅಂತ ತಿಳ್ಕೊಂಡೀವಿ. ಆದ್ರ ಇವುಗಳ ತವರುಮನಿ ಹಳೇ ರೋಮ್, ಅಲ್ಲಿಯ ಲ್ಯಾಟಿನ್ ಭಾಷಾ. ಸಾದಾ ಮಂದಿನ್ನ ಮ್ಯಾಲಿನವರು ಹೆಂಗ ನೋಡ್ತಿದ್ರು ಅನ್ನೂದು ಇಂಥಾ ಶಬ್ದದೊಳಗ ಕೂತದ ನೋಡ್ರಿ.

‘ವಲ್ಗುಸ್’ ಅಂದ್ರ ಜನಸಾಮಾನ್ಯರ ಗುಂಪು. ಅದರಿಂದ ಬಂದ ‘ವಲ್ಗರ್’ಗೆ ಮೊದಲು ‘ಸಾಮಾನ್ಯರದು’ ಅಂತಷ್ಟ ಅರ್ಥ ಇತ್ತು, ಆಮ್ಯಾಲೆ ಅಸಭ್ಯ ಅಂತಾತು. ‘ಮೊಬಿಲೆ ವಲ್ಗುಸ್’ ಅಂದ್ರ ಗಾಳಿ ಬಂದ ಕಡೆ ತೂರೋ ಮಂದಿ. ಇಂಗ್ಲಿಷರು 17ನೇ ಶತಮಾನದಾಗ ಅದನ್ನ ಕತ್ತರಿಸಿ ‘ಮಾಬ್’ ಮಾಡಿದ್ರು. ನಮ್ಮಲ್ಲೂ ‘ಹಳ್ಳಿ ಗಮಾರ’ ಅಂತಾರಲ್ಲ, ಹಳ್ಳ್ಯಾಗ ಹುಟ್ಟಿದ್ದ ತಪ್ಪು ಅನ್ನೂಹಂಗ!

ನನಗ ಭಾಳ ಚುಚ್ಚಿದ್ದು ‘ಪ್ರೊಲೆಟಾರಿಯುಸ್’. ರೋಮ್‌ನಾಗ ಜನಗಣತಿ ಮಾಡುವಾಗ ಆಸ್ತಿ ನೋಡಿ ವರ್ಗ ಹಾಕ್ತಿದ್ರು. ಆಸ್ತಿ ಇಲ್ಲದವರಿಗೆ ಈ ಹೆಸರು. ‘ಪ್ರೊಲೆಸ್’ ಅಂದ್ರ ಮಕ್ಕಳು. ರಾಜ್ಯಕ್ಕ ಇವರು ಕೊಡೂದು ಮಕ್ಕಳನ್ನಷ್ಟ ಅಂತ. ಆದ್ರ ಆ ಮಕ್ಕಳನ್ನ ಹಡೆದು ಬೆಳೆಸಿದ ತಾಯಿಗೆ ಅಲ್ಲಿ ವೋಟು ಇರಲಿಲ್ಲ. ಮುಂದ 1848ರಾಗ ಮಾರ್ಕ್ಸ್ ಮತ್ತ ಎಂಗೆಲ್ಸ್ ದುಡಿಯೋ ವರ್ಗಕ್ಕ ಇದೇ ಶಬ್ದ ಬಳಸಿ, ಅದು ತಲಿ ಎತ್ತೂಹಂಗ ಮಾಡಿದ್ರು.

ಇನ್ನ ‘ಪ್ಲೆಬ್ಸ್’, ಅಂದ್ರ ದೊಡ್ಡ ಮನೆತನದವರಲ್ಲದ ರೋಮನ್ನರು. ಕ್ರಿ.ಪೂ. 494ರಾಗ ಇವರು ಸಾಲದ ಕಾಟಕ್ಕ ಬೇಸತ್ತು, ಊರು ಬಿಟ್ಟು ಹೊರಗಿನ ಗುಡ್ಡದ ಮ್ಯಾಲೆ ಹೋಗಿ ಕೂತ್ರು ಅಂತ ಹಳೇ ಇತಿಹಾಸಕಾರರು ಬರದಾರ. ಇನ್ನ ಯುದ್ಧಕ್ಕ ಹೋಗೋರು ಯಾರು? ಅಡಗಿ ಮಾಡಾಕಿ ಸೌಟು ಕೆಳಗಿಟ್ಟು ಎದ್ದು ಹೋದ್ರ ಮನಿ ಗತಿ ಏನು, ಹಂಗಾತು ರೋಮ್ ಗತಿ. ಕಡೀಕೆ ತಮ್ಮ ಪರ ಮಾತಾಡೋ ಟ್ರಿಬ್ಯೂನರನ್ನ ಆರಿಸೋ ಹಕ್ಕು ಅವರಿಗೆ ಸಿಕ್ತು. ಕ್ರಿ.ಪೂ. 287ರಾಗ ಪ್ಲೆಬ್ಸ್ ಸಭಾದ ತೀರ್ಮಾನ ದೊಡ್ಡ ಮನೆತನದವರಿಗೂ ಕಾಯ್ದೆ ಆತು. ಆ ತೀರ್ಮಾನದ ಹೆಸರಿನಿಂದಲೇ ‘ಪ್ಲೆಬಿಸೈಟ್’ ಬಂತು, ಅಂದ್ರ ಜನಮತ. 1948ರಾಗ ಜುನಾಗಢದ ಮಂದಿ ಭಾರತದ ಜೋಡಿ ಇರ್ತೀವಿ ಅಂತ ವೋಟು ಹಾಕಿದ್ದೂ ಇದರಾಗನ.

ಹೆಸರು ಇಟ್ಟವರ ತಾತ್ಸಾರ ಆ ಹೆಸರಿನ್ಯಾಗ ಅದ, ಖರೆ. ಆದ್ರ ಅದನ್ನ ಹೊತ್ತ ಮಂದಿ ಗಟ್ಟಿಯಾಗಿ ನಿಂತ್ರ ಅರ್ಥನೇ ಬದಲಾಗ್ತದ. ಭಾಳ ಮನ್ಯಾಗ ಭಾಂಡೆ ತಿಕ್ಕಾಕ ಬರೋಾಕಿಗೆ ಇವತ್ತೂ ‘ಕೆಲಸದಾಕಿ’ ಅಂತನ ಹೆಸರು. ಆಕಿಗೆ ಅವ್ವ-ಅಪ್ಪ ಇಟ್ಟ ಹೆಸರೊಂದು ಅದ ಅಲ್ರೀ? ಅದನ್ನ ಹಿಡಿದ ಕರಿಯೂಣು.